ಮಾವನ ಕೈ

ಜೂನ್ ೨, ಸೋಮವಾರ

ಮಾವನನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದೆವು. ಮನೆ ಎಂದರೆ ಟೈರ್ ಅಂಗಡಿಯ ಮೇಲೆ ನಮ್ಮ ಕ್ರೈಸ್ತ ಸಭೆ ಸೇರುವ ಹಾಲ್, ಅದರ ಹಿಂದೆ ಎರಡು ಕೋಣೆ. ಮೆಟ್ಟಿಲು ತುಂಬ ಕಡಿದು. ಸ್ಟ್ರೆಚರ್ ತಿರುಗುವುದಿಲ್ಲ ಎಂದು ಆಂಬುಲೆನ್ಸಿನವರು ಕೈಚೆಲ್ಲಿದರು. ನಾನು ಬೆನ್ನು ಕೊಟ್ಟೆ. ಸಭೆಯ ಹಿರಿಯ ಟೈಲರಣ್ಣ ಹಿಂದಿನಿಂದ ಕಾಲು ಹಿಡಿದ. "ನಿಧಾನ, ನಿಧಾನ" ಅಂತ ಅವನು, "ಕ್ಲಚ್ ಬಿಡ್ತಾ ಇದೀನಿ, ಸುಮ್ನಿರಣ್ಣ" ಅಂತ ನಾನು. ನನ್ನ ಕುತ್ತಿಗೆ ಬಳಸಿದ್ದ ಮಾವನ ಎಡಗೈ ಕುಲುಕಿತು. ನಕ್ಕರು ಅಂತ ಕಾಣುತ್ತದೆ. ಹೊತ್ತವನಿಗೆ ಮುಖ ಕಾಣಲಿಲ್ಲ.

ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿದೆ. ಮಾತಿಲ್ಲ. ಇಷ್ಟು ವರ್ಷ ಮೈಕಿಲ್ಲದೆ ಪ್ರಸಂಗ ಮಾಡಿ ಕೆಳಗಿನ ಟೈರ್ ಅಂಗಡಿಯವನಿಗೂ ದೇವರ ವಾಕ್ಯ ಕೇಳಿಸಿದ ಮನುಷ್ಯ ಈಗ "ಅ... ಅ..." ಅನ್ನುತ್ತಾರೆ. ನನ್ನ ಹೆಂಡತಿ, ಇವಳು, ಅವರಿಗೆ ಒಬ್ಬಳೇ ಮಗಳು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಳು. ನಾನೂ ಅತ್ತೆ, ಹಾಲ್‌ನಲ್ಲಿ, ಬೆಂಚಿನ ಮೇಲೆ ಕೂತು.

ಎಡಗೈಗೆ ಸಿಗುವ ಹಾಗೆ ಸ್ಟೂಲಿನ ಮೇಲೆ ಒಂದು ಹಿತ್ತಾಳೆ ಗಂಟೆ ಇಟ್ಟೆ. ಏನು ಬೇಕಾದರೂ ಬಾರಿಸಿ ಮಾವ, ನಾವಿದ್ದೀವಿ, ಅಂದೆ. ಬಿಸಿನೀರು ತಂದು ಕಾಲು ಒರೆಸಿದೆ. ಬೆರಳ ಸಂದಿ ಕೂಡ ಬಿಡಲಿಲ್ಲ. ಯಾರೂ ನೋಡಲಿಲ್ಲ, ನೋಡಲಿ ಎಂದು ಮಾಡಿದ್ದೂ ಅಲ್ಲ. ಟೈಲರಣ್ಣ ಇಳಿದು ಹೋಗುವಾಗ ಬಾಗಿಲ ಸಂದಿಯಿಂದ ಒಮ್ಮೆ ನೋಡಿರಬಹುದು.

ದೇವರೇ, ಈ ಮನುಷ್ಯನ ಸೇವೆ ಮಾಡುವ ಭಾಗ್ಯ ಕೊಟ್ಟೆಯಲ್ಲ. ನನಗೆ ಬೇರೇನೂ ಬೇಡ.

ಜೂನ್ ೮, ಭಾನುವಾರ

ಆರಾಧನೆ ನಾನೇ ನಡೆಸಿದೆ. ಬೇರೆ ಯಾರಿದ್ದಾರೆ? ವಾರವಿಡೀ ಡ್ರೈವಿಂಗ್ ಸ್ಕೂಲಿನಲ್ಲಿ "ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ" ಅನ್ನುವವನಿಗೆ ಜನರ ಮುಂದೆ ನಿಂತಾಗ ಕಾಲು ಬ್ರೇಕ್ ಹುಡುಕಿತು. ಪಕ್ಕದ ಸೀಟಿನಲ್ಲಿ ಕೂತು ಕಲಿಸುವವನಿಗೆ ಕಾಲಡಿಯಲ್ಲಿ ತನ್ನದೇ ಒಂದು ಬ್ರೇಕ್ ಇರುತ್ತದೆ. ಇಲ್ಲಿ ಅದೂ ಇಲ್ಲ. ಪ್ರಾರ್ಥನೆಯ ನಡುವೆ "ನ್ಯೂಟ್ರಲ್" ಎಂಬ ಮಾತು ತುಟಿವರೆಗೆ ಬಂದುಬಿಟ್ಟಿತ್ತು, ನುಂಗಿಕೊಂಡೆ.

ನಮ್ಮ ಸಭೆಯಲ್ಲಿ ಮಾವ ಹಾಕಿಕೊಟ್ಟ ಒಂದು ಪದ್ಧತಿ ಇದೆ. ಆರಾಧನೆ ಆದ ಮೇಲೆ ಎಲ್ಲರೂ ಚಹಾ ಕುಡಿಯುತ್ತಾರೆ. ಆ ಲೋಟಗಳನ್ನು ಅವತ್ತು ಮುಂದೆ ನಿಂತು ನಡೆಸಿದವನೇ ತೊಳೆಯಬೇಕು. ತೋಳು ಮಡಚಿ ತೊಳೆದೆ. "ಥೇಟ್ ಅಯ್ಯನವರೇ ನಿಂತ ಹಾಗಾಯ್ತು ನೋಡಿ" ಅಂದಳು ಬೇಕರಿಯಮ್ಮ. ಸಭೆಯವರೆಲ್ಲ ಮಾವನನ್ನು ಅಯ್ಯನವರು ಅನ್ನುವುದು. ಆ ಮಾತು ಸಂಜೆವರೆಗೂ ಕಿವಿಯಲ್ಲಿತ್ತು.

ಟೈಲರಣ್ಣ ಪಕ್ಕದಲ್ಲಿ ನಿಂತು ಲೋಟ ಒರೆಸುತ್ತ ಹೇಳಿದ, "ನೀವು ನಡೆಸಿಕೊಂಡು ಹೋಗಿ, ನಮ್ಮದೇನೂ ಅಡ್ಡಿ ಇಲ್ಲ. ಆದ್ರೆ ಎಲ್ಲರ ಮುಂದೆ ಅಯ್ಯನವರು ನಿಮ್ಮ ತಲೆ ಮೇಲೆ ಕೈ ಇಟ್ಟು ಆಶೀರ್ವಾದ ಮಾಡ್ಬೇಕು. ಅವರ ತಲೆ ಮೇಲೆ ಅವರ ಹಿಂದಿನೋರು ಇಟ್ಟಿದ್ರು. ಅದಿಲ್ದೆ ಸಭೆ ಯಾರನ್ನೂ ಒಪ್ಪಲ್ಲ."

"ಅಷ್ಟು ದೊಡ್ಡ ಮಾತೆಲ್ಲ ಯಾಕಣ್ಣ, ನಾನು ಬೆಂಚು ಜೋಡಿಸೋನು" ಅಂದೆ. ನಿಜವಾಗಿಯೂ ಹಾಗೇ ಅನ್ನಿಸಿತು. ಮದುವೆಯಾದಾಗಿನಿಂದ ಇಲ್ಲಿ ಬೆಂಚು ಜೋಡಿಸಿದವನು ನಾನೇ. ಒಮ್ಮೆ ನಾನೂ ಪ್ರಸಂಗ ಮಾಡಲಾ ಎಂದು ಕೇಳಿದ್ದಕ್ಕೆ ಮಾವ, "ಇನ್ನಷ್ಟು ದಿನ ಬೆಂಚು ಜೋಡಿಸಪ್ಪ. ಯಾರು ಯಾವ ಮೂಲೇಲಿ ಯಾಕೆ ಕೂರ್ತಾರೆ ಅಂತ ಗೊತ್ತಾಗ್ಲಿ" ಅಂದಿದ್ದರು. ನಗುತ್ತಲೇ ಅಂದಿದ್ದರು.

ಜೂನ್ ೧೨, ಗುರುವಾರ

ಗಂಟೆಯ ಭಾಷೆ ಅರ್ಥವಾಗುತ್ತಿದೆ. ಒಮ್ಮೆ ಬಾರಿಸಿದರೆ ನೀರು. ಎರಡು ಸಲಕ್ಕೆ ಮಗ್ಗುಲು ಬದಲಿಸಬೇಕು. ನಿಲ್ಲಿಸದೆ ಬಾರಿಸಿದರೆ ಹಾಸಿಗೆ ಒದ್ದೆ. ಇವಳು ಎಲ್ಲವನ್ನೂ ನಗುನಗುತ್ತ ಮಾಡುತ್ತಾಳೆ. "ಚಿಕ್ಕವಳಿದ್ದಾಗ ನನ್ನ ಬಟ್ಟೆ ಅಪ್ಪನೇ ಒಗೀತಿದ್ರಂತೆ. ಈಗ ನನ್ನ ಸರದಿ" ಅನ್ನುತ್ತಾಳೆ.

ಡ್ರೈವಿಂಗ್ ಸ್ಕೂಲಿನಲ್ಲಿ ಒಬ್ಬಳು ಹೆಂಗಸು ಬರುತ್ತಾಳೆ. ಬ್ರೇಕಮ್ಮ ಎಂದು ನಾನೇ ಹೆಸರಿಟ್ಟದ್ದು. ಎದುರಿಗೆ ಏನೂ ಇಲ್ಲದಿದ್ದರೂ ಏನಾದರೂ ಬಂದೀತು ಎಂದು ಬ್ರೇಕ್ ತುಳಿಯುವವಳು. ಇವತ್ತು ತುಳಿದ ರಭಸಕ್ಕೆ ನನ್ನ ಹಣೆ ಮುಂದಕ್ಕೆ ಬಡಿದು ಊದಿಕೊಂಡಿತು. ಬೈಯಲಿಲ್ಲ. ಹೆದರಿದವರಿಗೆ ಬೈದರೆ ಇನ್ನಷ್ಟು ತುಳಿಯುತ್ತಾರೆ. ಮಾವನಿಗೆ ಹಣೆ ತೋರಿಸಿದೆ. ಎಡಗೈ ಎತ್ತಿ, ಊದಿದ ಜಾಗವನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದರು.

ಅದೇ ಹೊತ್ತಿಗೆ ಕೇಳಿಬಿಟ್ಟೆ. "ಮಾವ, ಎಲ್ಲರ ಮುಂದೆ ನನ್ನ ತಲೆ ಮೇಲೆ ಕೈ ಇಡ್ತೀರಾ? ಸಭೆಯೋರು ಕೇಳ್ತಾ ಇದಾರೆ."

ಕೈ ಹೊದಿಕೆಯೊಳಗೆ ಹೋಯಿತು. ಫ್ಯಾನ್ ಜೋರಾಗಿತ್ತು, ಚಳಿಯಾಗಿರಬೇಕು. ಕಮ್ಮಿ ಮಾಡಿದೆ.

ಜೂನ್ ೧೭, ಮಂಗಳವಾರ

ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಫಿಸಿಯೋ ಬರುತ್ತಾಳೆ. ಆಳು ಸಣ್ಣ, ಹಿಡಿತ ಗಟ್ಟಿ. ಮಾವನನ್ನು ಒರಗಿಸಿ ಕೂರಿಸಿ, ಕೆನ್ನೆ ಒತ್ತಿ, ನಾಲಿಗೆ ಹೊರಳಿಸಿ ಏನೇನೋ ಮಾಡಿಸಿದಳು. "ಮಾತು ವಾಪಸ್ ಬರ್ತಾ ಇದೆ ಸರ್. ತುಂಬಾ ವರ್ಷ ಹೇಳಿ ಹೇಳಿ ರೂಢಿಯಾಗಿರೋ ಮಾತು ಸಲೀಸಾಗಿ ಬರುತ್ತೆ. ಬಿಡದೆ ಮಾಡಿಸಿ" ಅಂದಳು.

ಅವಳು ಹೋದ ಮೇಲೆ ಇವಳ ಎದುರಿಗೇ ಕೇಳಿದೆ. "ಮಾವ, ಆಶೀರ್ವಾದ ಮಾಡ್ತೀರಾ?"

ಮಾವ ಕತ್ತಿನ ನರ ಉಬ್ಬಿಸಿ, ಬಾಯಿ ಸೊಟ್ಟಗೆ ಮಾಡಿ, "ಬೇ... ಡ" ಅಂದರು.

ಇವಳು ಕುಣಿದಾಡಿಬಿಟ್ಟಳು. "ಅಪ್ಪ ಮಾತಾಡಿದ್ರು! ಕೇಳಿದ್ರಾ, ಅಪ್ಪ ಮಾತಾಡಿದ್ರು!" ಕೆಳಗೆ ಓಡಿ ಟೈರ್ ಅಂಗಡಿಯವನಿಗೂ ಹೇಳಿ ಬಂದಳು. ಯಾವ ಮಾತು ಎಂಬುದು ಅವಳ ತಲೆಗೆ ಹೋಗಲೇ ಇಲ್ಲ. ನನ್ನ ತಲೆಗೆ ಹೋಯಿತು.

ಈಗಲೇ ಬೇಡ ಅಂತ ಇರಬಹುದು. ಗುಣವಾಗಲಿ, ಆಮೇಲೆ ನೋಡೋಣ ಅಂತ ಇರಬಹುದು. "ಹಾಗಾ ಮಾವ?" ಅಂದೆ. ಕಣ್ಣು ಮುಚ್ಚಿಕೊಂಡರು. ಬೇಜಾರಾಯಿತು, ಇಲ್ಲಿ ಸುಳ್ಳು ಯಾಕೆ ಬರೆಯಲಿ. ಅವರನ್ನು ಬೆನ್ನ ಮೇಲೆ ಹೊತ್ತವನು ನಾನು.

ಜೂನ್ ೧೮, ಬುಧವಾರ

ಫಿಸಿಯೋಗೆ ಇನ್ನು ಬರುವುದು ಬೇಡ ಎಂದು ಫೋನ್ ಮಾಡಿ ಹೇಳಿದೆ. ಗುಣ ಮಾಡುವವನು ದೇವರು. ಕೆನ್ನೆ ಒತ್ತಿಸಿಕೊಂಡು ಕೂರುವುದು ನಂಬಿಕೆ ಇಲ್ಲದವರ ಕೆಲಸ.

ಜೂನ್ ೨೨, ಭಾನುವಾರ

ಪ್ರಸಂಗದ ವಿಷಯ ದೀನತೆ. ಶಿಷ್ಯರ ಕಾಲು ತೊಳೆದ ಕರ್ತನ ಬಗ್ಗೆ ಹೇಳುತ್ತ, ಮಾವನ ಕಾಲು ಒರೆಸುವುದನ್ನೂ ಸೇರಿಸಿದೆ. ನನ್ನದು ಎಂದು ಹೇಳಲಿಲ್ಲ. "ನಮ್ಮ ನಡುವೆಯೇ ಒಬ್ಬನಿದ್ದಾನೆ" ಎಂದಷ್ಟೇ ಅಂದೆ. ಎಲ್ಲರೂ ನನ್ನನ್ನೇ ನೋಡಿದರು. ಅರ್ಧ ಸಭೆ ಕಣ್ಣೊರೆಸಿಕೊಂಡಿತು. ಬೇಕರಿಯಮ್ಮನಂತೂ ಬಿಕ್ಕಿಬಿಕ್ಕಿ ಅತ್ತಳು. ದೀನತೆಗೆ ಇಷ್ಟು ಶಕ್ತಿ ಇದೆ ಎಂದು ನನಗೇ ಗೊತ್ತಿರಲಿಲ್ಲ.

ಪ್ರಾರ್ಥನೆ ಮಾಡಿಸಿಕೊಳ್ಳಲು ಜನ ಸುತ್ತುಗಟ್ಟಿದ್ದರಿಂದ ಲೋಟ ಇವಳು ತೊಳೆದಳು. ಮಾವನ ಕಾಲನ್ನೂ ಈಗ ಇವಳೇ ಒರೆಸುತ್ತಾಳೆ. ಹೆಣ್ಣುಮಕ್ಕಳ ಕೈ ಮೆದು, ಅವರಿಗೂ ಹಿತ.

ಒಂದೇ ತೊಂದರೆ. ಪ್ರಸಂಗ ಏರಿದ ಹೊತ್ತಿಗೆ ಒಳಕೋಣೆಯ ಗಂಟೆ ಶುರುವಾಯಿತು. ಜನರ ಕಣ್ಣು ನನ್ನನ್ನು ಬಿಟ್ಟು ಆ ಬಾಗಿಲಿಗೆ ಹೋಯಿತು.

ಜೂನ್ ೨೬, ಗುರುವಾರ

ಮಾವ ಗಂಟೆಯನ್ನು ಆಟದ ಸಾಮಾನು ಮಾಡಿಕೊಂಡಿದ್ದಾರೆ. ನಾನು ಮಂಡಿಯೂರಿದ ಕೂಡಲೇ ಬಾರಿಸುತ್ತಾರೆ. ಹೋಗಿ ನೋಡಿದರೆ ನೀರು. ಪ್ರಾರ್ಥನೆ ಮುಗಿಯುವತನಕ ನೀರು ಕಾಯಬಾರದೇ?

ಗಂಟೆಯನ್ನು ತೆಗೆದಿಲ್ಲ. ಎಡಗಡೆಯ ಸ್ಟೂಲಿನಿಂದ ಬಲಗಡೆಯ ಕಿಟಕಿಗೆ ಇಟ್ಟಿದ್ದೇನೆ, ಅಷ್ಟೇ. ಕಣ್ಣಿಗೆ ಕಾಣುವ ಹಾಗೆಯೇ ಇದೆ.

"ಅಪ್ಪಂಗೆ ಅದು ಎಟಕಲ್ಲ ಕಣ್ರೀ" ಅಂದಳು ಇವಳು.

"ಎಟುಕಿಸಿಕೊಳ್ಳೋಕೆ ನೋಡ್ಲಿ. ವ್ಯಾಯಾಮ ವ್ಯಾಯಾಮ ಅಂತಿದ್ಯಲ್ಲ" ಅಂದೆ. ತಮಾಷೆಗೆ ಅಂದದ್ದು. ನಗಲಿಲ್ಲ. ಇತ್ತೀಚೆಗೆ ಇವಳಿಗೆ ತಮಾಷೆ ಅರ್ಥವಾಗುವುದಿಲ್ಲ.

ಮನೆ ಈಗ ಎಷ್ಟು ಶಾಂತವಾಗಿದೆ. ಪ್ರಾರ್ಥನೆ ತಾನಾಗಿ ಹರಿದು ಬರುತ್ತಿದೆ.

ಜುಲೈ ೩, ಗುರುವಾರ

ಡ್ರೈವಿಂಗ್ ಸ್ಕೂಲ್ ಬಿಟ್ಟೆ. ಆತ್ಮಗಳಿಗೆ ದಾರಿ ತೋರಿಸಬೇಕಾದವನು ಪರರ ಕೈಲಿ ರಿವರ್ಸ್ ಗೇರ್ ಹಾಕಿಸುತ್ತ ಕೂರಬೇಕೇ? ಮಾಲೀಕ ಮುಖ ಊದಿಸಿಕೊಂಡ. ಬ್ರೇಕಮ್ಮನಿಗೆ ಕಡೆಗೂ ಲೈಸೆನ್ಸ್ ಸಿಕ್ಕಿದೆಯಂತೆ, ಮಿಠಾಯಿ ಹಿಡಿದು ಬಂದಿದ್ದಳು. "ನೀವು ಒಂದು ದಿನಾನೂ ಬೈಲಿಲ್ಲ ಸರ್, ಅದಕ್ಕೇ ಕಲಿತೆ" ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಮಿಠಾಯಿ ಹಳೆಯದು.

ಜುಲೈ ೬, ಭಾನುವಾರ

ಟೈಲರಣ್ಣ ಮಾವನನ್ನು ನೋಡಲು ಒಳಗೆ ಹೋದ. ಹಿಂದೆಯೇ ಹೋದೆ. ಮಾವ ಅವನ ಅಂಗಿತೋಳು ಬಿಗಿಯಾಗಿ ಹಿಡಿದು, ನನ್ನ ಕಡೆಗೆ ಕಣ್ಣು ತಿರುಗಿಸಿ, "ಬೇ... ಬೇ..." ಎಂದು ಶುರುಮಾಡಿದರು.

"ಏನೋ ಹೇಳ್ಬೇಕು ಅಂತಿದಾರೆ" ಅಂದ ಟೈಲರಣ್ಣ.

"ಹಸಿವಣ್ಣ. ಊಟದ ಹೊತ್ತಿಗೆ ಹೀಗೇ" ಅಂತ ಕೈ ಬಿಡಿಸಿದೆ.

ಹೊರಗೆ ಬಂದ ಮೇಲೆ ಅವನು ವಿಷಯಕ್ಕೆ ಬಂದ. "ಆಗಸ್ಟ್ ಮೊದಲ್ನೇ ಭಾನುವಾರ ಇಟ್ಕೊಳ್ಳೋಣ. ಬಲಗೈಯೇ ಆಗ್ಬೇಕು ಅಂತಾರೆ ಹಳಬರು, ಹೇಗೋ ನೋಡಿ. ಅವತ್ತೂ ಆಗಲಿಲ್ಲ ಅಂದ್ರೆ ನಮ್ಮ ಮೇಲಿರೋ ದೊಡ್ಡ ಸಭೆಯೋರು ಬೇರೆ ಯಾರನ್ನಾದ್ರೂ ಕಳಿಸ್ತಾರೆ. ಆಮೇಲೆ ನಮ್ಮ ಕೈಲಿ ಏನೂ ಇಲ್ಲ."

ಬೇರೆ ಯಾರನ್ನೋ! ಈ ಬೆಂಚುಗಳನ್ನು ಒಮ್ಮೆಯೂ ಎತ್ತಿಡದ ಯಾವನೋ ಬಂದು ನನ್ನ ಮುಂದೆ ನಿಲ್ಲುತ್ತಾನೆ, ನಾನು ಮತ್ತೆ ಅವನಿಗೆ ಬೆಂಚು ಜೋಡಿಸಬೇಕು. ಒಂದು ಮುದಿಗೈ ಒಂದು ಕ್ಷಣ ಮೇಲೇಳದ್ದಕ್ಕೆ.

ಒಳಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಸೋಂಕಿನ ಭಯವಿದೆ, ದಯವಿಟ್ಟು ಒಳಗೆ ಬರಬೇಡಿ.

ಜುಲೈ ೧೦, ಗುರುವಾರ

ದೇವರು ತಿಳಿಸಿಕೊಟ್ಟ. ಮಾವನನ್ನು ಹಿಡಿದಿರುವುದು ಬರೀ ಕಾಯಿಲೆಯಲ್ಲ, ಅಹಂಕಾರ. ಹಾಸಿಗೆ ಹಿಡಿದರೂ ಕುರ್ಚಿ ಬಿಡಲೊಲ್ಲದ ಅಹಂಕಾರ. ಮಾತು ಬರಬೇಕಾದಲ್ಲಿ ಬರದೆ, ನನ್ನನ್ನು ಬೇಡ ಅನ್ನುವುದಕ್ಕೆ ಮಾತ್ರ ಬರುತ್ತದೆಯಲ್ಲ, ಅದೇ ಸಾಕ್ಷಿ.

ಉಪವಾಸ ಪ್ರಾರ್ಥನೆ ಇಟ್ಟುಕೊಂಡಿದ್ದೇನೆ, ಮೂರು ದಿನ. ಅಹಂಕಾರ ಯಾರದೋ, ಉಪವಾಸವೂ ಅವರದೇ ಆದರೆ ಫಲ ಬೇಗ. ನೀರು ಕೊಡುತ್ತೇವೆ, ನೀರಿಗೆ ತಡೆಯಿಲ್ಲ. ನಾನೂ ಜೊತೆಗೇ ಶುರುಮಾಡಿದೆ. ಮಧ್ಯಾಹ್ನ ಬೇಕರಿಯಮ್ಮ ಬಿಸಿ ಬನ್ನು ಕಳಿಸಿದಳು. ಪ್ರೀತಿಯಿಂದ ಕೊಟ್ಟದ್ದನ್ನು ತಳ್ಳುವುದೂ ಒಂದು ಬಗೆಯ ಅಹಂಕಾರವೇ. ತೆಗೆದುಕೊಂಡೆ.

ಜುಲೈ ೧೧, ಶುಕ್ರವಾರ

ಇವಳು ಸಿಕ್ಕಿಬಿದ್ದಳು. ಕದ ಮುಂದೆ ಮಾಡಿಕೊಂಡು, ನೆಲದ ಮೇಲೆ ಕೂತು, ಅಪ್ಪನಿಗೆ ಚಮಚದಲ್ಲಿ ಸೂಪು ಕುಡಿಸುತ್ತಿದ್ದಳು. ಮಾವ ಚಪ್ಪರಿಸಿ ಚಪ್ಪರಿಸಿ ಕುಡಿಯುತ್ತಿದ್ದರು, ಮಗುವಿನ ಹಾಗೆ, ಗಲ್ಲದ ಮೇಲೆಲ್ಲ ಸುರಿಸಿಕೊಂಡು. ನೋಡಿ ನಾಚಿಕೆಯಾಯಿತು.

"ಉಪವಾಸ ಮುರಿಸಿದ್ಯಲ್ಲ" ಅಂದೆ.

"ಉಪವಾಸ ಅಲ್ಲ ಇದು, ಹಸಿವು" ಅಂದಳು. "ನಿಮಗೇನಾಗಿದೆ? ಅವರು ನನ್ನಪ್ಪ ಕಣ್ರೀ. ನಿಮ್ಮ ಪ್ರಸಂಗದ ವಿಷಯ ಅಲ್ಲ."

"ಗಂಡ ಅಂತ ಬೇಡ, ಸಭೆ ನಡೆಸೋನು ಅಂತಾದ್ರೂ ಮಾತು ಕೇಳು."

"ಸಭೆ ನಡೆಸಿದೋರು ಇಲ್ಲಿ ಮಲಗಿದಾರೆ. ಅವರು ಯಾರ ಕೈಯಿಂದಾನೂ ತುತ್ತು ಕಸೀಲಿಲ್ಲ."

ಬಟ್ಟಲು ತೆಗೆದುಕೊಳ್ಳುವಾಗ ಮಣಿಕಟ್ಟು ಹಿಡಿದೆ, ಅಷ್ಟೇ. ಕೆಂಪಗೆ ಗುರುತು ಬಿದ್ದಿದೆ. ಅವಳ ಚರ್ಮವೇ ಅಂಥದ್ದು.

ಮುರಿದ ಉಪವಾಸ ಲೆಕ್ಕಕ್ಕಿಲ್ಲ. ನಾಳೆಯಿಂದ ಹೊಸದಾಗಿ ಮೂರು ದಿನ. ಕೋಣೆಯ ಬೀಗದ ಕೈ ನನ್ನ ಜೇಬಿನಲ್ಲಿದೆ.

ಜುಲೈ ೧೫, ಮಂಗಳವಾರ

ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ನಾನೇ ತೆಗೆದುಕೊಂಡು ಹೋದೆ. ಮುಖ ಸಣ್ಣದಾಗಿದೆ, ಕಣ್ಣು ಮಾತ್ರ ದೊಡ್ಡದು. ಚಮಚ ತುಟಿಯ ಹತ್ತಿರ ಹಿಡಿದು, "ಈಗ ಏನಂತೀರಿ ಮಾವ?" ಅಂದೆ. ಎಷ್ಟು ಮೆಲ್ಲಗೆ ಕೇಳಿದೆನೆಂದರೆ ನನ್ನ ದನಿ ನನಗೇ ಇಷ್ಟವಾಯಿತು.

ಚಮಚ ನೋಡಿದರು. ನನ್ನನ್ನು ನೋಡಿದರು. ತುಟಿ ಬಿಗಿಹಿಡಿದು ಮುಖ ಗೋಡೆಗೆ ತಿರುಗಿಸಿದರು.

ಸ್ವಲ್ಪ ಹೊತ್ತು ಕಾದು ನಾನೇ ತಿಂದೆ. ದೇವರು ಕೊಟ್ಟ ಆಹಾರ, ಬಿಸಾಡಬಾರದು. ಸಂಜೆ ಇವಳಿಗೆ ಬೀಗದ ಕೈ ಕೊಟ್ಟೆ. ಏನಾದರೂ ತಿನ್ನಿಸಿಕೊಳ್ಳಲಿ. ಆ ಭಾನುವಾರಕ್ಕೆ ಆಳು ಬೇಕಲ್ಲ.

ಜುಲೈ ೨೨, ಮಂಗಳವಾರ

ಮುದುಕ ಕೈ ಮಾಡಿದ. ಹಾಸಿಗೆ ಬಟ್ಟೆ ಸರಿಮಾಡಲು ಬಗ್ಗಿದ್ದೆ, ಎಡಗೈಯಿಂದ ಕಾಲರ್ ಹಿಡಿದು ತನ್ನ ಮುಖದ ಹತ್ತಿರಕ್ಕೆ ಎಳೆದುಕೊಂಡ. ಒಂದು ಗುಂಡಿ ಕಿತ್ತು ಬಂತು. ಅಳುತ್ತಿದ್ದ. ಏನೋ ಹೇಳುವುದಿತ್ತು ಎಂದು ಇವಳ ವಾದ. ಹೇಳುವುದನ್ನು ಕಾಲರ್ ಹಿಡಿದು ಹೇಳುತ್ತಾರೆಯೇ?

ಆ ಕೈಯನ್ನು ಮೆತ್ತನೆಯ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದೇನೆ. ಅವನಿಗೇ ಏಟಾಗಬಾರದು ಎಂದು. ಇವಳು ಜಗಳಾಡುತ್ತಾಳೆ ಅಂದುಕೊಂಡಿದ್ದೆ. ಕಟ್ಟಿದ ಕೈಯ ಮೇಲೆ ತನ್ನ ಕೈ ಇಟ್ಟುಕೊಂಡು ಕೂತಳು, ಊಟಕ್ಕೂ ಏಳಲಿಲ್ಲ. ಅಂತೂ ಬುದ್ಧಿ ಬಂತು.

ಜುಲೈ ೨೯, ಮಂಗಳವಾರ

ಹಟ ಇರುವುದು ಎಡಗೈಗೆ. ಬಲಗೈಗೆ ಯಾವ ಹಟವೂ ಇಲ್ಲ. ಇಷ್ಟು ಸುಲಭದ ಮಾತು ಹೊಳೆಯಲು ಇಷ್ಟು ದಿನ ಬೇಕಾಯಿತಲ್ಲ! ಹಳಬರು ಕೇಳುತ್ತಿರುವುದೂ ಬಲಗೈಯನ್ನೇ. ದೇವರು ಯಾವುದನ್ನು ಯಾಕೆ ಬೀಳಿಸುತ್ತಾನೆ ಎಂದು ನಮಗೆ ಗೊತ್ತಾಗುವುದಿಲ್ಲ.

ಇವಳು ಅಂಗಡಿಗೆ ಹೋದಾಗ ಅಭ್ಯಾಸ ಮಾಡಿದೆ. ಮೊದಲ ಸಲ ಕೈ ಜಾರಿ ಬಿತ್ತು. ಎರಡನೇ ಸಲ ಬೆರಳು ಕಿವಿಗೆ ಸಿಕ್ಕಿಕೊಂಡಿತು. ಆಮೇಲೆ ಉಪಾಯ ಸಿಕ್ಕಿತು. ಕುರ್ಚಿಯ ಬಲಕ್ಕೆ ತೀರ ತಗ್ಗಿ ಮಂಡಿಯೂರಬೇಕು, ಅವನ ಕೈಯನ್ನು ನನ್ನ ಎರಡೂ ಕೈಯಿಂದ ಎತ್ತಿ ಮುತ್ತಿಡಬೇಕು, ಮುತ್ತಿಟ್ಟ ಕೈಯನ್ನು ಹಾಗೆಯೇ ತಲೆಗೆ ತಂದು ಮೇಲೆ ನನ್ನ ಅಂಗೈ ಮುಚ್ಚಬೇಕು. ನೋಡುವವರಿಗೆ ಪ್ರೀತಿ ಕಾಣುತ್ತದೆ. ಸುಳ್ಳೇನಿಲ್ಲ, ಪ್ರೀತಿ ಇದ್ದೇ ಇದೆ.

ಮುದುಕ ಪೂರ್ತಿ ಹೊತ್ತು ನನ್ನನ್ನೇ ನೋಡುತ್ತಿದ್ದ. ಸಿಟ್ಟಿನಿಂದ ನೋಡಿದ್ದರೆ ಸಹಿಸಬಹುದಿತ್ತು. ಬ್ರೇಕಮ್ಮನನ್ನು ನಾನು ನೋಡುತ್ತಿದ್ದ ಹಾಗೆ ನೋಡಿದ.

ಆಗಸ್ಟ್ ೩, ಭಾನುವಾರ

ಆಯಿತು! ದೇವರಿಗೆ ಸ್ತೋತ್ರ!

ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡ ಸಭೆಯಿಂದಲೂ ಇಬ್ಬರು ಬಂದಿದ್ದರು. ಬೆಂಚುಗಳನ್ನು ಯಾರೋ ಜೋಡಿಸಿದ್ದರು, ಸಾಲು ಸೊಟ್ಟಗಿತ್ತು. ಮುದುಕನಿಗೆ ಗಡ್ಡ ಹೆರೆದು, ಬಿಳಿ ಅಂಗಿ ತೊಡಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿದ್ದೆ. ಎಡಗೈ ಕುರ್ಚಿಯ ಹಿಡಿಗೆ ಕಟ್ಟಿತ್ತು, ಮೇಲೆ ಶಾಲು.

ನಾನು ಬರಿಗಾಲಲ್ಲಿ ಬಂದು ಮಂಡಿಯೂರಿದೆ. "ನಾನು ಯೋಗ್ಯನಲ್ಲ" ಅಂದೆ. ದನಿ ಒಡೆಯಬೇಕಾದ ಕಡೆಯೇ ಒಡೆಯಿತು. ಬಲಗೈ ಎತ್ತಿ ಮುತ್ತಿಟ್ಟು ತಲೆಯ ಮೇಲೆ ಇಟ್ಟುಕೊಂಡೆ. ಒದ್ದೆ ಟವೆಲ್ಲಿನ ಹಾಗೆ ಭಾರ, ತಣ್ಣಗೆ. ನನ್ನ ಕತ್ತಿನ ಮೇಲೆ ಹನಿ ಬಿತ್ತು. ಮುದುಕ ಅಳುತ್ತಿದ್ದ. ಆನಂದ ಇರಬೇಕು. ಬಾಯಿ ತೆರೆದು "ಬೇ..." ಅಂದದ್ದು ನನಗೊಬ್ಬನಿಗೆ ಕೇಳಿಸಿತು. ಕೈ ತಲೆಗೆ ತಾಗಿದ ಕೂಡಲೇ ಶುರುಮಾಡಿ ಎಂದು ಹಾಡುವವರಿಗೆ ಹೇಳಿಟ್ಟಿದ್ದೆ. ಶುರುಮಾಡಿದರು. ಸೂರು ಹಾರಿಹೋಗುವ ಹಾಗೆ ಹಾಡಿದರು.

ಒಂದು ಗಳಿಗೆ ಮಾತ್ರ ಎಲ್ಲ ಮುಗಿಯಿತು ಅಂದುಕೊಂಡೆ. ಜಾರುತ್ತಿದ್ದ ಶಾಲನ್ನು ಸರಿಮಾಡಲು ಟೈಲರಣ್ಣ ಬಗ್ಗಿದ. ಬಟ್ಟೆಯ ಗಂಟು ಅವನ ಕಣ್ಣಿಗೆ ಬೀಳದೆ ಇರುತ್ತದೆಯೇ? ಗಂಟನ್ನು ನೋಡಿದ. ಊದಿಕೊಂಡ ಬೆರಳು ನೋಡಿದ. ಮುದುಕನ ಮುಖ ನೋಡಿದ. ತಲೆಯೆತ್ತಿ, ಕಣ್ಣೀರು ಹಾಕುತ್ತ ಹಾಡುತ್ತಿದ್ದ ಅಷ್ಟೂ ಜನರನ್ನು ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಗಂಟು ಒಂಚೂರು ಸಡಿಲ ಮಾಡಿ ಅಯ್ಯನವರೇ, ರಕ್ತ ಓಡಲ್ಲ" ಅಂದು ಶಾಲು ಎಳೆದು ಮುಚ್ಚಿದ.

ಅಯ್ಯನವರೇ! ನನ್ನನ್ನು ಹಾಗೆ ಮೊದಲು ಕರೆದವನು ಅವನು.

ಚಹಾ ಆದ ಮೇಲೆ ದೊಡ್ಡ ಸಭೆಯವರು ನನ್ನ ಕೈ ಕುಲುಕಿ, ಇಂಥ ದೀನತೆ ಈಗ ಎಲ್ಲೂ ಕಾಣಸಿಗದು ಅಂದರು. ಲೋಟ ತೊಳೆಯಲು ಒಬ್ಬ ಹೆಂಗಸನ್ನು ಗೊತ್ತುಮಾಡಬೇಕು. ಇವಳು ತೊಳೆಯಲಿಲ್ಲ. ಸಿಂಕಿನ ತುಂಬ ಹಾಗೆಯೇ ಬಿದ್ದಿವೆ.

ಆಗಸ್ಟ್ ೬, ಬುಧವಾರ

ಜನ ಕಷ್ಟಸುಖ ಹೇಳಿಕೊಳ್ಳಲು ಬರುತ್ತಾರೆ, ಕೂರಿಸಿ ಮಾತಾಡಲು ಒಂದು ಕೋಣೆ ಬೇಡವೇ? ಒಳಕೋಣೆಯೇ ಆಗಬೇಕು. ಊರಾಚೆ ಮುದುಕರನ್ನು ನೋಡಿಕೊಳ್ಳುವ ಜಾಗವಿದೆ. ಮಾತಾಡಿ ಬಂದೆ. ಇವಳಿಗೆ ಹೇಳಿದೆ. ಅಳಲಿಲ್ಲ. "ಯಾವತ್ತು?" ಎಂದಷ್ಟೇ ಕೇಳಿದಳು.

ಆಗಸ್ಟ್ ೯, ಶನಿವಾರ

ಬೆಳಿಗ್ಗೆ ವ್ಯಾನ್ ಬಂತು. ಟೈರ್ ಅಂಗಡಿಯ ಇಬ್ಬರು ಮುದುಕನನ್ನು ಕುರ್ಚಿ ಸಮೇತ ಇಳಿಸಿದರು. ನನ್ನ ಬೆನ್ನಿಗೆ ಈಗ ಆಗುವುದಿಲ್ಲ. ಇವಳು ಜೊತೆಗೆ ಹೋಗುತ್ತೇನೆ ಅಂದಳು. ಬಿಟ್ಟು ಬರಲು ಒಂದು ಚೀಲ ಸಾಕು, ಇವಳು ಬೀರುವಿನ ಒಂದು ಭಾಗವನ್ನೇ ಖಾಲಿ ಮಾಡಿದ್ದಾಳೆ. ಯಾವಾಗ ಬರುತ್ತೀಯ ಅಂದರೆ ಚೀಲದ ಜಿಪ್ ಎಳೆದಳು. ಸಿಟ್ಟು ಇಳಿದ ಮೇಲೆ ತಾನಾಗಿ ಬರುತ್ತಾಳೆ.

ವ್ಯಾನಿನವರು ಇಲ್ಲದ ಪ್ರಶ್ನೆ ಕೇಳಬಾರದೆಂದು ಎಡಗೈಯ ಕಟ್ಟು ಬಿಚ್ಚಿದ್ದೆ. ಕುರ್ಚಿಯನ್ನು ಒಳಗೆ ತಳ್ಳುವಾಗ ಮುದುಕನ ಪಾದ ಹಲಗೆಯಿಂದ ಜಾರಿ ನೆಲಕ್ಕೆ ಎಳೆಯುತ್ತಿತ್ತು. ಬಗ್ಗಿ ಎತ್ತಿಟ್ಟೆ. ಆಗ ತಲೆಯ ಮೇಲೆ ಕೈ ಬಂತು. ಹೊಡೆದ ಅಂದುಕೊಂಡು ಕತ್ತು ಕುಗ್ಗಿಸಿದೆ. ಹೊಡೆಯಲಿಲ್ಲ. ಕೈ ಹಾಗೆಯೇ ನಿಂತಿತು. ಬೆಚ್ಚಗಿತ್ತು. ಮಣಿಕಟ್ಟಿನ ಗಾಯ ನನ್ನ ಹಣೆಗೆ ತಾಗಿತು.

"ದೇವ್ರು ನಿನ್ನ ಜೊತೆ ಇರ್ಲಿ, ಮಗಾ" ಅಂದ. ಒಂದಕ್ಷರ ತೊದಲಲಿಲ್ಲ.

ಇಷ್ಟು ದಿನ ಈ ಮಾತನ್ನು ಎಲ್ಲಿಟ್ಟುಕೊಂಡಿದ್ದನೋ. ಅದರಲ್ಲಿ ಸಭೆಯ ಮಾತಿಲ್ಲ, ಸೇವೆಯ ಮಾತಿಲ್ಲ. ದಾರಿ ತಪ್ಪಿದ ಮಗುವಿಗೆ ಹೇಳುವ ಹಾಗೆ ಬರೀ ಅಷ್ಟು. ನೋಡುವುದಕ್ಕೆ ಯಾರೂ ಇರಲಿಲ್ಲ ಬೇರೆ. ಟೈರ್ ಅಂಗಡಿಯವರು ಒಳಗೆ ಹೋಗಿದ್ದರು, ಇವಳು ವ್ಯಾನಿನೊಳಗೆ ಹಾಸುತ್ತಿದ್ದಳು.

"ಅದೆಲ್ಲ ಹೋದ ಭಾನುವಾರವೇ ಮುಗೀತಲ್ಲ ಮಾವ" ಅಂದು ಕೈ ತೆಗೆದು ಅವನ ತೊಡೆಯ ಮೇಲಿಟ್ಟೆ. ಕೂದಲು ಕೆದರಿತ್ತು. ವ್ಯಾನಿನ ಕನ್ನಡಿಯಲ್ಲಿ ನೋಡಿ ಸರಿಮಾಡಿಕೊಂಡೆ.